ಫೈಲಕಾ ದ್ವೀಪದಲ್ಲಿ ಒಂದೂವರೆ ದಿನ

ಕುವೈತ್ ಎಂದರೆ ಊರಿನವರ ಕಣ್ಣಿಗೆ ಬರುವುದು ಮರಳು, ಎಣ್ಣೆಬಾವಿ ಮತ್ತು ದಿನಾರು. ಈ ಪುಟ್ಟ ದೇಶಕ್ಕೆ ಒಂಬತ್ತು ದ್ವೀಪಗಳಿವೆ ಎಂದರೆ ನಂಬುವವರು ಕಡಿಮೆ. ಇಲ್ಲಿ ಹತ್ತು ಹನ್ನೆರಡು ವರ್ಷ ದುಡಿದವರೂ ಅವುಗಳ ಹೆಸರು ಹೇಳಲಾರರು. ನಾನೂ ಹೇಳುತ್ತಿರಲಿಲ್ಲ. ಆದರೆ ಒಂದು ದ್ವೀಪದ ಹೆಸರು ಮಾತ್ರ ಕುವೈತಿಗೆ ಬರುವುದಕ್ಕೆ ಬಹಳ ಮೊದಲೇ, ಮಲ್ಪೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ನನ್ನ ಕಿವಿಗೆ ಬಿದ್ದಿತ್ತು. ಅದು ಫೈಲಕಾ. ಅಲ್ಲಿಯ ಜನರ ಬಾಯಲ್ಲಿ ಅದು ಫೈಲಿಚಾ.

ನನ್ನ ಚಿಕ್ಕಪ್ಪ ಆ ದ್ವೀಪದಲ್ಲಿ ದರ್ಜಿಯಾಗಿದ್ದರು. 1983ರಲ್ಲಿ ಹೋದವರು 1990ರ ಆಗಸ್ಟಿನಲ್ಲಿ ಉಟ್ಟ ಬಟ್ಟೆಯಲ್ಲಿ ಹೊರಟರು. ಬಸರಾ, ಬಾಗ್ದಾದ್ ದಾಟಿ ಬಸ್ಸಿನಲ್ಲಿ ಜೋರ್ಡಾನಿನ ಗಡಿಗೆ ಬಂದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬಯಿಗೆ ಇಳಿದಾಗ ಅವರ ಕೈಯಲ್ಲಿ ಇದ್ದದ್ದು ಒಂದು ಕತ್ತರಿ. ಆ ವರ್ಷ 1,70,000ಕ್ಕೂ ಹೆಚ್ಚು ಭಾರತೀಯರನ್ನು 488 ವಿಮಾನಯಾನಗಳಲ್ಲಿ ಊರಿಗೆ ಮುಟ್ಟಿಸಿದ ಕಥೆ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಅದು ಆ ಕತ್ತರಿಯ ಕಥೆ. ಚಿಕ್ಕಪ್ಪ ಮತ್ತೆ ಕೊಲ್ಲಿಗೆ ಹೋಗಲಿಲ್ಲ. ನಾನು ಕುವೈತಿಗೆ ಬಂದ ಮೇಲೆ ಪ್ರತಿ ರಜೆಯಲ್ಲೂ ಅವರದು ಒಂದೇ ಪ್ರಶ್ನೆ: “ಅಲ್ಲಿಗೆ ಹೋಗಿದ್ದೆಯಾ? ಎಂತ ಉಂಟು ಅಲ್ಲಿ ಈಗ?”

ಹೋಗಲು ಫೆರ್ರಿ ಇದೆ, ಪ್ರವಾಸಿಗರಿಗೆ ವಿಹಾರಧಾಮವೂ ಇದೆ. ಆದರೂ ಯಾಕೋ ಹೋಗಿರಲಿಲ್ಲ. ಕೊನೆಗೆ ಒಂದು ಫೆಬ್ರವರಿಯಲ್ಲಿ ಕಚೇರಿಯ ಸಹೋದ್ಯೋಗಿಯೊಬ್ಬರು ತಮ್ಮ ಚಿಕ್ಕ ಹಾಯಿದೋಣಿಯಲ್ಲಿ ಎರಡು ದಿನದ ಸವಾರಿ ಹೊರಟಾಗ ನನ್ನನ್ನೂ ಕರೆದರು. ಬೆಳಗ್ಗೆ ಏಳಕ್ಕೆ ಸಾಲ್ಮಿಯಾದ ದಡ ಬಿಟ್ಟೆವು. ದ್ವೀಪ ಇರುವುದು ನಗರದಿಂದ ಸುಮಾರು 20 ಕಿಲೋಮೀಟರ್ ದೂರ, ಕುವೈತ್ ಕೊಲ್ಲಿಯ ಬಾಯಲ್ಲಿ ಅಡ್ಡ ಮಲಗಿದಂತೆ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಅಂದು ಹದವಾಗಿತ್ತು. ಹಾಯಿ ತುಂಬಿಕೊಂಡ ಮೇಲೆ ಎಂಜಿನ್ ನಿಲ್ಲಿಸಿದರು. ಬೋಟಿನ ಎಂಜಿನ್ ಸದ್ದಿನಲ್ಲೇ ಬೆಳೆದ ಮಲ್ಪೆಯವನಿಗೆ ಸದ್ದಿಲ್ಲದ ಸಮುದ್ರ ಹೊಸದು. ಹಿಂದೆ ಕುವೈತಿನ ಗೋಪುರಗಳು ಮಬ್ಬಾಗಿ ಕರಗಿದವು, ಮುಂದೆ ಮಾತ್ರ ಬಹಳ ಹೊತ್ತು ಏನೂ ಕಾಣಲಿಲ್ಲ. ನಮ್ಮ ಸೇಂಟ್ ಮೇರೀಸ್ ದ್ವೀಪ ಕಪ್ಪು ಬಂಡೆಯ ಕಂಬಗಳನ್ನು ಎತ್ತಿ ಹಿಡಿದು ದೂರದಿಂದಲೇ ಕಾಣುತ್ತದೆ. ಫೈಲಕಾ ಹಾಗಲ್ಲ. ಅದು ನೀರಿನಿಂದ ಕೆಲವೇ ಮೀಟರ್ ಎತ್ತರದ ಚಪ್ಪಟೆ ನೆಲ. ಮೊದಲು ಕಂಡದ್ದು ಒಂದು ನೀರಿನ ಟ್ಯಾಂಕಿ, ಆಮೇಲೆ ಕೆಲವು ಖರ್ಜೂರದ ತಲೆಗಳು, ದಡ ಕಂಡದ್ದು ಎಲ್ಲಕ್ಕೂ ಕೊನೆಗೆ.

ಈ ದಾರಿಯಲ್ಲಿ ಹಾಯಿಯಲ್ಲೇ ಓಡಾಡಿದ ಕಾಲ ಬಹಳ ಹಿಂದಿನದೇನೂ ಅಲ್ಲ. ಎಣ್ಣೆ ಸಿಗುವ ಮೊದಲು ಕುವೈತಿನ ಬದುಕು ನಿಂತಿದ್ದದ್ದು ಮುತ್ತಿನ ಮೇಲೆ ಮತ್ತು ‘ಬೂಮ್’ ಎಂಬ ದೊಡ್ಡ ಹಾಯಿಹಡಗುಗಳ ಮೇಲೆ. ಮರವೇ ಬೆಳೆಯದ ಊರಿನವರು ಮಲಬಾರಿನಿಂದ ತೇಗ ತರಿಸಿ ಹಡಗು ಕಟ್ಟುತ್ತಿದ್ದರು. ಶತ್ತಲ್ ಅರಬ್ ನದಿಯ ದಡದ ಖರ್ಜೂರ ತುಂಬಿಕೊಂಡು ಕರಾಚಿ, ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳಿಗೆ ಹೋಗಿ, ಮರಮಟ್ಟು, ತೆಂಗಿನ ನಾರಿನ ಹಗ್ಗ, ಸಂಬಾರ ಹೇರಿಕೊಂಡು ಮರಳುತ್ತಿದ್ದರು. ಆಸ್ಟ್ರೇಲಿಯಾದ ನಾವಿಕ ಅಲನ್ ವಿಲ್ಲಿಯರ್ಸ್ 1938–39ರಲ್ಲಿ ಅಂಥದೊಂದು ಬೂಮಿನಲ್ಲಿ ಏಡನ್ನಿನಿಂದ ಆಫ್ರಿಕದ ಕರಾವಳಿ ಸುತ್ತಿ ಕುವೈತಿಗೆ ಬಂದು ಪುಸ್ತಕ ಬರೆದರು. 1961ರಲ್ಲಿ ದಿನಾರು ಬರುವವರೆಗೂ ಕುವೈತಿನ ಪೇಟೆಯಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಆಗ ದುಡಿಮೆ ಹುಡುಕಿಕೊಂಡು ಅವರು ನಮ್ಮ ದಡಕ್ಕೆ ಬರುತ್ತಿದ್ದರು, ಈಗ ನಾವು ಅವರ ದಡಕ್ಕೆ ಬರುತ್ತಿದ್ದೇವೆ.

ಹನ್ನೊಂದು ಗಂಟೆಗೆ ದ್ವೀಪದ ಪಶ್ಚಿಮದಲ್ಲಿ ಲಂಗರು ಹಾಕಿದೆವು. ಅಲ್ಲಿರುವುದು ಝೋರ್, ದ್ವೀಪದ ಮುಖ್ಯ ಊರು. ಯುದ್ಧದ ನಂತರ ನೆಲಬಾಂಬುಗಳನ್ನು ತೆಗೆದಿದ್ದರೂ ರಸ್ತೆ ಮತ್ತು ತುಳಿದ ದಾರಿ ಬಿಟ್ಟು ಕಾಲಿಡಬೇಡಿ ಎಂದು ದೋಣಿಯ ಯಜಮಾನರು ಎಚ್ಚರಿಸಿದರು. ನೀರು, ಖರ್ಜೂರ, ನಾಲ್ಕು ಚಪಾತಿ ಚೀಲಕ್ಕೆ ಹಾಕಿಕೊಂಡು ಇಳಿದೆ. ಚಿಕ್ಕಪ್ಪನ ಅಂಗಡಿ ಝೋರಿನಲ್ಲೇ ಇತ್ತು. ಆದರೂ ಅದನ್ನು ಮರುದಿನಕ್ಕೆ ಇಟ್ಟುಕೊಂಡೆ. ಮೊದಲ ದಿನ ಹಳೆಯದನ್ನು ನೋಡೋಣ ಎಂದು ತೆಂಕಣ ಮೂಲೆಯ ದಿಬ್ಬಗಳತ್ತ ನಡೆದೆ.

ಅಲ್ಲಿ ಎರಡು ದಿಬ್ಬಗಳಿವೆ. ಸಅದ್ ಮತ್ತು ಸಯೀದ್ ಎಂದು ಅವುಗಳ ಹೆಸರು, ನಮ್ಮಲ್ಲಿ ಕೋಟಿ ಚೆನ್ನಯ ಎಂದು ಜೋಡಿ ಹೆಸರು ಹೇಳಿದಂತೆ. 1958ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞರು ಇಲ್ಲಿ ಅಗೆಯಲು ಶುರುಮಾಡಿದರು. ಪಿ. ವಿ. ಗ್ಲೋಬ್ ಮತ್ತು ಜೆಫ್ರಿ ಬಿಬ್ಬಿ ಅದರ ಮುಂದಾಳುಗಳು. ಅವರು ಬಹರೈನಿನಲ್ಲಿ ಹುಡುಕುತ್ತಿದ್ದದ್ದು ದಿಲ್ಮುನ್ ಎಂಬ ನಾಡನ್ನು. ಸುಮೇರಿಯದ ಮಣ್ಣಿನ ಹಲಗೆಗಳಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತದೆ. ಸುಮಾರು ಕ್ರಿ.ಪೂ. 2300ರಲ್ಲಿ ಆಳಿದ ಅಕ್ಕಾದಿನ ದೊರೆ ಸಾರ್ಗನ್, ದಿಲ್ಮುನ್, ಮಗನ್ ಮತ್ತು ಮೆಲುಹಾದ ಹಡಗುಗಳು ತನ್ನ ಕಟ್ಟೆಗೆ ಬಂದು ನಿಲ್ಲುತ್ತವೆ ಎಂದು ಹೆಮ್ಮೆಪಟ್ಟಿದ್ದಾನೆ. ಮಗನ್ ಎಂದರೆ ಓಮಾನ್ ಕಡೆ, ಮೆಲುಹಾ ಎಂದರೆ ಸಿಂಧೂ ಕಣಿವೆ ಎಂಬುದು ವಿದ್ವಾಂಸರ ಬಹುಮತ. ನಡುವೆ ಕೂತ ದಿಲ್ಮುನ್ ದಲ್ಲಾಳಿ. ಓಮಾನಿನ ತಾಮ್ರ, ಸಿಂಧೂವಿನ ಮಣಿ ಮತ್ತು ಮರ, ಎಲ್ಲವೂ ಅದರ ಕೈದಾಟಿಯೇ ಮೆಸೊಪೊಟೇಮಿಯಕ್ಕೆ ಹೋಗುತ್ತಿತ್ತು. ಊರ್ ಪಟ್ಟಣದ ತಾಮ್ರದ ವ್ಯಾಪಾರಿ ಏಆ-ನಾಸಿರ್ ಕೆಟ್ಟ ಮಾಲು ಕೊಟ್ಟನೆಂದು ನನ್ನಿ ಎಂಬ ಗಿರಾಕಿ ಬರೆದ ಸಿಟ್ಟಿನ ಪತ್ರ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದೂ ದಿಲ್ಮುನ್ ವ್ಯಾಪಾರದ ಜಗಳವೇ.

ಸಅದ್ ದಿಬ್ಬದಡಿ ಸಿಕ್ಕಿದ್ದು ಆ ದಿಲ್ಮುನ್ ಜನರ ಊರು, ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು. ಬೇಲಿಯ ಆಚೆ ನಿಂತು ನೋಡಿದರೆ ಮೊಣಕಾಲೆತ್ತರದ ಕಲ್ಲುಗೋಡೆಗಳು, ಸಣ್ಣ ಸಣ್ಣ ಕೋಣೆಗಳು, ನಡುವೆ ಇಕ್ಕಟ್ಟಿನ ಓಣಿ. ಇಲ್ಲಿಂದ ಡೇನರಿಗೆ ಮುನ್ನೂರಕ್ಕೂ ಹೆಚ್ಚು ಮುದ್ರೆಗಳು ಸಿಕ್ಕಿದವು. ಮೆದುಕಲ್ಲಿನಲ್ಲಿ ಕೊರೆದ ದುಂಡನೆಯ, ದೊಡ್ಡ ಗುಂಡಿಯಷ್ಟು ಗಾತ್ರದ ಮುದ್ರೆಗಳು. ಜಿಂಕೆ, ಗೂಳಿ, ಕೊಳವೆಯಿಂದ ಪಾನೀಯ ಹೀರುವ ಮನುಷ್ಯರು ಅವುಗಳ ಮೇಲಿದ್ದಾರೆ. ಮೂಟೆ ಕಟ್ಟಿ, ಹಗ್ಗದ ಗಂಟಿನ ಮೇಲೆ ಜೇಡಿ ಮೆತ್ತಿ ಈ ಮುದ್ರೆ ಒತ್ತಿದರೆ ಸರಕು ಯಾರದೆಂದು ತಿಳಿಯುತ್ತಿತ್ತು. ಓದುಬರಹ ಬಾರದವನಿಗೂ ಸಹಿ ಇತ್ತು ಎಂದಾಯಿತು. ಅಷ್ಟು ಚಿಕ್ಕ ದ್ವೀಪದಲ್ಲಿ ಅಷ್ಟೊಂದು ಮುದ್ರೆಗಳೆಂದರೆ ಇಲ್ಲಿ ಬರೀ ಮೀನು ಹಿಡಿಯುವವರು ಇರಲಿಲ್ಲ, ವ್ಯಾಪಾರಿಗಳು ಇದ್ದರು. ಅವರೂ ಹೊರಗಿನಿಂದ ಬಂದು ನೆಲೆ ಊರಿದವರು.

ಪಕ್ಕದ ಸಯೀದ್ ದಿಬ್ಬದ್ದು ಬೇರೆಯೇ ಕಥೆ. ಭಾರತದಿಂದ ಮರಳಿದ ಅಲೆಕ್ಸಾಂಡರ್ ಬಾಬಿಲೋನಿನಲ್ಲಿ ಕೂತು ಅರೇಬಿಯದ ಸುತ್ತ ಹಡಗುಪಡೆ ಕಳಿಸುವ ಯೋಜನೆ ಹಾಕಿದ. ಅದಕ್ಕೆ ಮುಂಚೆ ದಾರಿ ನೋಡಿ ಬರಲು ಆರ್ಕಿಯಾಸ್, ಆಂಡ್ರೊಸ್ಥೆನೀಸ್, ಹಿಯೆರೋನ್ ಎಂಬ ಮೂವರನ್ನು ಒಬ್ಬೊಬ್ಬರಾಗಿ ಹಡಗಿನಲ್ಲಿ ಅಟ್ಟಿದ. ಯೂಫ್ರೆಟಿಸ್ ನದಿಯ ಬಾಯಿಂದ ಸ್ವಲ್ಪ ದೂರದಲ್ಲಿ ಒಂದು ದ್ವೀಪವಿದೆ, ಅದರ ತುಂಬ ದಟ್ಟ ಮರಗಳಿವೆ, ಆರ್ಟೆಮಿಸ್ ದೇವಿಯ ಗುಡಿ ಇದೆ, ಅಲ್ಲಿಯ ಕಾಡು ಆಡು ಮತ್ತು ಜಿಂಕೆಗಳು ದೇವಿಗೆ ಬಿಟ್ಟವು, ದೇವಿಗೆ ಬಲಿ ಕೊಡುವುದಕ್ಕಲ್ಲದೆ ಯಾರೂ ಬೇಟೆಯಾಡುವಂತಿಲ್ಲ, ಎಂದು ಇತಿಹಾಸಕಾರ ಅರಿಯನ್ ಬರೆಯುತ್ತಾನೆ. ಈಜಿಯನ್ ಸಮುದ್ರದ ದ್ವೀಪವೊಂದರ ನೆನಪಿಗೆ ಅಲೆಕ್ಸಾಂಡರ್ ಇದನ್ನು ಇಕಾರೋಸ್ ಎಂದು ಕರೆಯಿಸಿದನಂತೆ. ನಮ್ಮ ದೇವರಕಾಡು, ನಾಗಬನಗಳನ್ನು ಬಲ್ಲವರಿಗೆ ಆ ವಿವರ ಪರಕೀಯ ಅನ್ನಿಸುವುದಿಲ್ಲ. ಯೋಜನೆ ಕೈಗೂಡುವ ಮೊದಲೇ, ಕ್ರಿ.ಪೂ. 323ರಲ್ಲಿ, ದೊರೆ ಬಾಬಿಲೋನಿನಲ್ಲಿ ತೀರಿಕೊಂಡ. ಆದರೆ ಅವನ ನಂತರದ ಸೆಲ್ಯೂಸಿಡ್ ರಾಜರು ಇಲ್ಲಿ ಚೌಕಾಕಾರದ ಕೋಟೆ ಕಟ್ಟಿ ಪಡೆ ಇಟ್ಟರು. ಕೋಟೆಯೊಳಗೆ ಗ್ರೀಕ್ ಶೈಲಿಯ ಪುಟ್ಟ ಗುಡಿ. ಅದರ ಕಂಬದ ತಲೆ ಗ್ರೀಸಿನದು, ಪಾದದ ಕೆತ್ತನೆ ಪರ್ಷಿಯದ್ದು.

1937ರಲ್ಲಿ ಈ ದ್ವೀಪದಲ್ಲಿ ಒಂದು ಬರಹದ ಕಲ್ಲು ಸಿಕ್ಕಿತ್ತು. ಅಥೆನ್ಸಿನ ಸೊಟೆಲೀಸ್ ಎಂಬವನೂ ಅವನ ಸೈನಿಕರೂ ಕಾಪಾಡುವ ಜ್ಯೂಸ್, ಪೊಸೈಡನ್ ಮತ್ತು ಕಾಪಾಡುವ ಆರ್ಟೆಮಿಸರಿಗೆ ಒಪ್ಪಿಸಿದ್ದು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿಯೇ ದೋಣಿ ಇಳಿಸುವ ಮೊಗವೀರರ ಊರಿನವನು ನಾನು. ಸೊಟೆಲೀಸ್ ಯಾಕೆ ಕಲ್ಲು ಕೆತ್ತಿಸಿದ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಕಲ್ಲು. 1960ರಲ್ಲಿ ಡೇನರು ಗುಡಿಯ ಮುಂದೆ ಒಡೆದ ಚೂರುಗಳಾಗಿ ಅದನ್ನು ಕಂಡರು. ನಲವತ್ತಕ್ಕೂ ಹೆಚ್ಚು ಸಾಲುಗಳ ಗ್ರೀಕ್ ಶಾಸನ. ಅನೇಕ ಸಾಲುಗಳು ಸವೆದಿದ್ದರೂ ಸಾರಾಂಶ ತಿಳಿಯುತ್ತದೆ. ಇಕಾಡಿಯೋನ್ ಎಂಬ ಮೇಲಧಿಕಾರಿ ಅನಾಕ್ಸಾರ್ಕೋಸ್ ಎಂಬ ಕೈಕೆಳಗಿನವನಿಗೆ ಬರೆದ ಕಾಗದ ಅದು, ಜೊತೆಗೆ ದ್ವೀಪದ ಜನರಿಗೆ ಬರೆದದ್ದರ ನಕಲು. ದೊರೆಗೆ ಇಕಾರೋಸಿನ ಬಗ್ಗೆ ಕಾಳಜಿಯಿದೆ. ಅವನ ಹಿರಿಯರೇ ದೇವಿಯ ಗುಡಿಯನ್ನು ಸ್ಥಳಾಂತರಿಸಲು ಅಪ್ಪಣೆ ಮಾಡಿದ್ದರು. ಹಿಂದಿನ ಅಧಿಕಾರಿಗಳು ಏನು ಅಡ್ಡಿ ಬಂದೋ, ಇನ್ನಾವ ಕಾರಣಕ್ಕೋ, ಮಾಡಲಿಲ್ಲ. ನಾವು ದೊರೆಯ ಪತ್ರ ಬಂದ ಕೂಡಲೇ ಮಾಡಿದೆವು. ಸರ್ಕಾರಿ ಕಡತ ಓದಿ ಅಭ್ಯಾಸವಿರುವವರು ಇಲ್ಲಿ ನಗದೆ ಇರಲಾರರು. ಆದರೆ ಮುಂದಿನ ಮಾತು ನಗೆಯದಲ್ಲ. ದ್ವೀಪದಲ್ಲಿ ನೆಲೆಸಿದವರಿಗೆ ನ್ಯಾಯ ಸಿಗಬೇಕು, ಯಾರೂ ಅವರಿಗೆ ಅನ್ಯಾಯ ಮಾಡಬಾರದು, ಅವರನ್ನು ಒಕ್ಕಲೆಬ್ಬಿಸಬಾರದು. ಅವರಲ್ಲಿ ಯಾರಿಗೆ ಭೂಮಿ ಬೇಕೋ ಅವರಿಗೆ ಕೊಡಬೇಕು. ಉತ್ತು ನೆಟ್ಟ ನೆಲ ಅವರಿಗೆ ವಂಶಪಾರಂಪರ್ಯವಾಗಿ ಸಲ್ಲಬೇಕು. ಕೆಲವು ಸುಂಕಗಳೂ ಮಾಫಿ. ಈ ಕಾಗದವನ್ನು ಕಲ್ಲಿನಲ್ಲಿ ಕೆತ್ತಿಸಿ ಗುಡಿಯಲ್ಲಿ ನಿಲ್ಲಿಸಬೇಕು.

ನಮ್ಮ ಶಾಸನಗಳಲ್ಲೂ ದತ್ತಿ ಇದೆ, ಮಾನ್ಯ ಇದೆ. ಕೊನೆಗೆ ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಶಾಪವೂ ಇರುತ್ತದೆ. ಮಾತನ್ನು ರಾಜರು ಮರೆಯುತ್ತಾರೆ ಎಂದು ಗೊತ್ತಿದ್ದವರು ಸೇರಿಸಿದ ಸಾಲು ಅದು. ಇಕಾರೋಸಿನ ಕಲ್ಲಿನ ಅನುವಾದದಲ್ಲಿ ನನಗೆ ಅಂಥ ಶಾಪ ಕಾಣಲಿಲ್ಲ. ಬರೀ ಒಂದು ಅಪ್ಪಣೆ.

ಅಲ್ಲಿಂದ ದ್ವೀಪದ ನಡುಭಾಗಕ್ಕೆ ನಡೆದೆ. ಐದಾರು ಕಿಲೋಮೀಟರ್. ಅರಿಯನ್ ಹೇಳಿದ ಮರಗಳಿಲ್ಲ, ಜಿಂಕೆಗಳಿಲ್ಲ. ಉಪ್ಪು ಹಿಡಿದ ನೆಲ, ಕುರುಚಲು, ದೂರದಲ್ಲಿ ಯಾರದೋ ಒಂಟೆಗಳು. ಒಂದೆಡೆ 1991ರ ಇರಾಕಿ ಟ್ಯಾಂಕುಗಳು ತುಕ್ಕು ಹಿಡಿದು ಸಾಲಾಗಿ ನಿಂತಿವೆ. ಅಲ್-ಕುಸೂರ್ ಎಂಬಲ್ಲಿ 1989ರಲ್ಲಿ ಫ್ರೆಂಚರು ಒಂದು ಚರ್ಚಿನ ಅವಶೇಷ ಕಂಡುಹಿಡಿದರು. ಪೂರ್ವದ ಕ್ರೈಸ್ತ ಪಂಥಕ್ಕೆ ಸೇರಿದ ಸನ್ಯಾಸಿಗಳ ನೆಲೆ ಅದು. ಗಾರೆಯಲ್ಲಿ ಮೂಡಿಸಿದ ಶಿಲುಬೆ ಅಲ್ಲಿ ಸಿಕ್ಕಿತು. ಇಸ್ಲಾಂ ಬಂದ ನಂತರವೂ ಕೆಲಕಾಲ ಅವರು ಇಲ್ಲಿ ಉಳಿದಿದ್ದರು. ಮರುವರ್ಷವೇ ಯುದ್ಧ ಬಂದು ಅಗೆತ ನಿಂತಿತು. ವಾಯವ್ಯ ಮೂಲೆಯಲ್ಲಿ ಹಿಂದೆ ಖಿದ್ರ್ ಸಂತನ ಗುಡಿಯಿತ್ತು. ಮಕ್ಕಳಾಗದ ಹೆಂಗಸರು ದೂರದಿಂದ ಹರಕೆ ಹೊತ್ತು ಬರುತ್ತಿದ್ದರಂತೆ. ಅದನ್ನು ಕಳೆದ ಶತಮಾನದಲ್ಲಿ ಕೆಡವಿದರು. ಅಲ್ಲೇ 2004ರಿಂದ ಸ್ಲೊವಾಕಿಯಾದ ತಂಡ ಅಗೆದಾಗ ಮತ್ತೆ ದಿಲ್ಮುನ್ ಕಾಲದ ನೆಲೆ ಸಿಕ್ಕಿತು. ಒಂದು ದೈವ ಹೋದಲ್ಲಿ ಇನ್ನೊಂದು, ಒಂದು ಜನ ಎದ್ದಲ್ಲಿ ಇನ್ನೊಂದು. ಕತ್ತಲಾಗುವ ಮುಂಚೆ ದೋಣಿಗೆ ಮರಳಿದೆ. ಕಾಲಿನಲ್ಲಿ ಎರಡು ಬೊಕ್ಕೆ ಎದ್ದಿದ್ದವು.

ಮರುದಿನ ಬೆಳಗ್ಗೆ ಝೋರ್. 1990ರಲ್ಲಿ ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿದ್ದರು. ಶಾಲೆ, ಆಸ್ಪತ್ರೆ, ಮಸೀದಿ, ಬ್ಯಾಂಕು, ಅಂಗಡಿ ಸಾಲು ಎಲ್ಲ ಇತ್ತು. ಸಿಹಿನೀರಿನ ಬಾವಿಗಳಿದ್ದುದರಿಂದ ಸ್ವಲ್ಪ ಬೇಸಾಯವೂ ಇತ್ತು. ಆಗಸ್ಟ್ 2ರಂದು ಇರಾಕಿನ ಪಡೆ ಕುವೈತಿಗೆ ನುಗ್ಗಿತು. ದ್ವೀಪದ ಜನರನ್ನು ಹೊರಗಟ್ಟಿ ಊರನ್ನೇ ಠಾಣ್ಯ ಮಾಡಿಕೊಂಡಿತು. ಯುದ್ಧದ ಕೊನೆಯಲ್ಲಿ ಅಮೆರಿಕದ ಯುದ್ಧನೌಕೆಗಳು ದ್ವೀಪದ ಮೇಲೆ ಗುಂಡು ಸುರಿಸಿದವು. ತಲೆಯ ಮೇಲೆ ಹಾರುತ್ತಿದ್ದ, ಚಾಲಕನೇ ಇಲ್ಲದ ಪುಟ್ಟ ವಿಮಾನಕ್ಕೆ ಕೆಲವು ಇರಾಕಿ ಸೈನಿಕರು ಬಿಳಿ ಬಟ್ಟೆ ಬೀಸಿ ಶರಣಾದರು. ಯಂತ್ರಕ್ಕೆ ಮನುಷ್ಯರು ಶರಣಾದ ಮೊದಲ ಪ್ರಸಂಗ ಎಂದು ಯುದ್ಧದ ಇತಿಹಾಸದಲ್ಲಿ ಅದನ್ನು ಬರೆಯುತ್ತಾರೆ. 1991ರ ಮಾರ್ಚ್ ಮೊದಲ ವಾರದಲ್ಲಿ ಉಳಿದವರೂ ಶರಣಾದರು. ಕುವೈತ್ ಬಿಡುಗಡೆಯಾಯಿತು. ಆದರೆ ಫೈಲಕಾದ ಜನ ಮರಳಲಿಲ್ಲ. ನೆಲದಲ್ಲಿ ಬಾಂಬು, ಮನೆಗಳು ಒಡೆದಿವೆ. ಸರ್ಕಾರ ಪರಿಹಾರ ಕೊಟ್ಟು ಅವರಿಗೆ ದಡದ ಮೇಲೆಯೇ ಮನೆ ಮಾಡಿಕೊಟ್ಟಿತು. ನಾಲ್ಕು ಸಾವಿರ ವರ್ಷಗಳಲ್ಲಿ ಎಷ್ಟೋ ಸಲ ತುಂಬಿ ಬರಿದಾದ ದ್ವೀಪ ಹೀಗೆ ಮತ್ತೊಮ್ಮೆ ಬರಿದಾಯಿತು.

ಬೀದಿಗಳಲ್ಲಿ ನಡೆದೆ. ಬ್ಯಾಂಕಿನ ಕಟ್ಟಡದ ಗೋಡೆ ಗುಂಡು ಬಿದ್ದು ಜರಡಿಯಾಗಿದೆ. ಮನೆಗಳ ಬಾಗಿಲು ಕಿಟಕಿ ಕಿತ್ತು ಹೋಗಿವೆ. ಒಂದು ಅಂಗಳದಲ್ಲಿ ಮಕ್ಕಳ ಸೈಕಲ್ಲಿನ ಗಾಲಿ. ಶರಾವತಿಯ ಹಿನ್ನೀರು ಬೇಸಗೆಯಲ್ಲಿ ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಎದ್ದು ಕಾಣುವುದನ್ನು ನಾನು ನೋಡಿದ್ದೇನೆ. ಅಲ್ಲಿ ಊರು ಬಿಟ್ಟವರ ಮಕ್ಕಳು ಕೈ ತೋರಿಸಿ ಇಲ್ಲಿ ನಮ್ಮ ಅಡಕೆ ತೋಟವಿತ್ತು ಎನ್ನುತ್ತಾರೆ. ಅವರದು ನೀರಿನಡಿಯಲ್ಲಿದೆ. ಇಲ್ಲಿ ಎಲ್ಲ ನೆಲದ ಮೇಲೆಯೇ ಇದೆ, ತೋರಿಸುವವರು ಇಲ್ಲ.

ಕಲ್ಲಿನ ಮಾತು ತಲೆಯಿಂದ ಹೋಗಲಿಲ್ಲ. ಒಕ್ಕಲೆಬ್ಬಿಸಬಾರದು ಎಂಬ ಅಪ್ಪಣೆ ಕೆತ್ತಿದ್ದು ಇಲ್ಲಿಂದ ಕೂಗಳತೆಯಲ್ಲಿ. ಅದನ್ನು ಬರೆಸಿಕೊಂಡವರ ವಂಶ ಇಲ್ಲಿ ಎಷ್ಟು ಕಾಲ ಉಳಿಯಿತೋ, ಒಂದು ದಿನ ಅವರೂ ಹೋದರು, ಕಲ್ಲೂ ಒಡೆಯಿತು. ಹಾಗಾದರೆ ಅಂಥ ಮಾತು ಬರೆದು ಏನು ಫಲ? ನಾವು ಕೊಲ್ಲಿಯಲ್ಲಿರುವ ಕನ್ನಡಿಗರು ಇಕಾಮಾದ ಮೇಲೆ ಬದುಕುವವರು. ವರ್ಷಕ್ಕೋ ಎರಡು ವರ್ಷಕ್ಕೋ ನವೀಕರಿಸುವ ಕಾಗದ ಅದು. ವಂಶಪಾರಂಪರ್ಯ ಭೂಮಿಯ ಆಸೆ ಇಟ್ಟುಕೊಂಡು ಯಾರೂ ಇಲ್ಲಿಗೆ ಬರುವುದಿಲ್ಲ, ಹಿಂತಿರುಗುವ ಲೆಕ್ಕದಲ್ಲೇ ಬರುತ್ತೇವೆ. ಹಾಗಿದ್ದರೂ ಇದ್ದಷ್ಟು ದಿನ ನ್ಯಾಯವಾಗಿ ನಡೆಸಿಕೊಳ್ಳಿ ಎಂಬ ಆ ಹಳೆಯ ಬೇಡಿಕೆ ನಮ್ಮದೂ ಹೌದು. ಆ ಮಾತನ್ನು ಯಾರೋ ಒಬ್ಬ ಅಧಿಕಾರಿ ಆಡಿದ್ದ, ಕೆತ್ತಿಸಿದ್ದ ಎಂಬುದೇ ಒಂದು ಸಾಕ್ಷಿ. ಮಾತು ಕೊಟ್ಟದ್ದೇ ಇಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ. ಯುದ್ಧಕಾಲದಲ್ಲಿ ಕುವೈತಿನ ರಾಷ್ಟ್ರೀಯ ಮ್ಯೂಸಿಯಮ್ಮಿನ ಸೊತ್ತನ್ನು ಬಾಗ್ದಾದಿಗೆ ಸಾಗಿಸಿ ಕಟ್ಟಡಕ್ಕೆ ಬೆಂಕಿ ಇಟ್ಟಿದ್ದರು. ಅಂಗಳದಲ್ಲಿದ್ದ ಮುಹಲ್ಲಬ್ ಎಂಬ ಬೂಮ್ ಸುಟ್ಟು ಬೂದಿಯಾಯಿತು. ಸಾಗಿಸಿದ ವಸ್ತುಗಳಲ್ಲಿ ಬಹುಪಾಲನ್ನು ವಿಶ್ವಸಂಸ್ಥೆಯ ಮೂಲಕ ಹಿಂದಕ್ಕೆ ತರಲಾಯಿತು. ವಸ್ತುಗಳಿಗೆ ಮರಳುವ ಯೋಗವಿತ್ತು.

ಚಿಕ್ಕಪ್ಪ ಹೇಳಿದ ಗುರುತು ಇಷ್ಟು: ಮಸೀದಿಯ ಹಿಂದೆ, ಮೂರು ಅಂಗಡಿಗಳ ಸಾಲು, ಹಸಿರು ಬಾಗಿಲು. ಮಸೀದಿ ಸಿಕ್ಕಿತು. ಹಿಂದೆ ಅಂಗಡಿಗಳ ಸಾಲೂ ಇತ್ತು. ಬಾಗಿಲು ಮಾತ್ರ ಯಾವುದಕ್ಕೂ ಇರಲಿಲ್ಲ. ಒಳಗೆ ಮರಳು ಮೊಣಕಾಲಿನವರೆಗೆ ತುಂಬಿತ್ತು. ಹೊಲಿಗೆ ಮಿಷನ್ನಿನ ಗುರುತು ಏನಾದರೂ ಇದೆಯೇ ಎಂದು ಬಗ್ಗಿ ನೋಡಿದೆ, ಇರಲಿಲ್ಲ. ಮೂರರದ್ದೂ ಎದುರಿನಿಂದ ಫೋಟೊ ತೆಗೆದೆ. ಮಧ್ಯಾಹ್ನ ಗಾಳಿ ಏರುವ ಮೊದಲು ಲಂಗರು ಎತ್ತಿದೆವು.

ಸಾಲ್ಮಿಯಾ ತಲುಪಿ ಫೋಟೊ ಕಳಿಸಿದೆ. ರಾತ್ರಿ ಫೋನ್ ಮಾಡಿದರೆ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಯಾವುದು ಚಿಕ್ಕಪ್ಪ, ನಡುವಿನದ್ದಾ?”

“ಇರಬಹುದು ಮಾರಾಯ. ಹೊರಗಿನಿಂದ ನಾನು ನೋಡಿದ್ದೇ ಕಮ್ಮಿ. ಬೆಳಗ್ಗೆ ಕೂತರೆ ರಾತ್ರಿಯವರೆಗೆ ಮಿಷನ್ ಎದುರು. ಒಳಗಿನಿಂದ ಬೀದಿ ಕಾಣುತ್ತಿತ್ತು. ನೀನು ಬಾಗಿಲಲ್ಲಿ ನಿಂತು ಹೊರಗೆ ನೋಡಿ ಒಂದು ಫೋಟೊ ತೆಗೆಯಬೇಕಿತ್ತು. ಆಗ ನಾನು ಹೇಳುತ್ತಿದ್ದೆ.”

ಅದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ಚಳಿಗಾಲದಲ್ಲಿ ಫೆರ್ರಿಯಲ್ಲಾದರೂ ಹೋಗಿ ಬರುತ್ತೇನೆ ಎಂದೆ.

“ಹೋಗು,” ಎಂದರು. “ಮೂರು ಅಂಗಡಿಯ ಒಳಗಿನಿಂದಲೂ ತೆಗೆ.”